ಹಳೇ ಕಟ್ಟಡಗಳ ಪಟ್ಟಿಯೂ ನಮ್ಮೂರ ಗುಂಡುತೋಪೂ

ಹಳೇದನ್ನು ಹುಡುಕಿಕೊಂಡು ಹೊರಟವನಿಗೆ ತಲೆನೋವು ಮಾತ್ರ ದಿನಾ ಹೊಸದೇ ಸಿಗುತ್ತದೆ. ಇದು ಗಾದೆಯಲ್ಲ, ನನ್ನ ಅನುಭವ. ಒಂದೂವರೆ ವರ್ಷ ಈ ಕೆಲಸ ಮಾಡಿದ್ದೇನೆ, ಹಣೆ ಚಚ್ಚಿಕೊಳ್ಳದ ವಾರ ಒಂದೂ ಇಲ್ಲ. ನನ್ನ ಜಾಗದಲ್ಲಿ ಪೇಟೆ ಹುಡುಗ ಯಾವನಾದರೂ ಇದ್ದಿದ್ದರೆ ಎರಡನೇ ದಿನಕ್ಕೇ ಸೈಕಲ್ ತಿರುಗಿಸಿಕೊಂಡು ಮನೆ ಸೇರುತ್ತಿದ್ದ. ನಾನು ಹಳ್ಳಿಯವನು. ಎತ್ತಿನ ಬಾಯಿ ತೆರೆಸಿ ವಯಸ್ಸು ಹೇಳುತ್ತೇನೆ. ಮಣ್ಣು ಮೂಸಿ ಬಾವಿ ಎಲ್ಲಿ ತೋಡಬೇಕು ಅಂತ ಹೇಳುತ್ತೇನೆ, ಎರಡು ಸಲ ನೀರೂ ಬಂದಿದೆ. ಎಸೆಸೆಲ್ಸಿಯಲ್ಲಿ ನಮ್ಮ ಹೋಬಳಿಗೇ ಮೊದಲಿಗ. ಹಾಗಾಗಿ ತಡೆದುಕೊಂಡೆ.

ಕೆಲಸ ಇಷ್ಟೇ. ರಾಜಾಜಿನಗರ ತುಂಬಿ ವಿಜಯನಗರಕ್ಕೆ ಚೆಲ್ಲಿ, ಅಲ್ಲಿಂದ ಬೆಂಗಳೂರು ನಮ್ಮ ಹೊಲಗಳ ಕಡೆ ಹರಿದು ಬರುತ್ತಿದ್ದ ಕಾಲ ಇದು. ಮಾಗಡಿ ರಸ್ತೆಗೂ ಮೈಸೂರು ರಸ್ತೆಗೂ ನಡುವೆ ಇರುವ ಹಳ್ಳಿಗಳಲ್ಲಿ ಹಳೇ ಕಟ್ಟಡ ಯಾವುದಿದೆ, ಹಳೇ ತೋಟ ಯಾವುದಿದೆ ಅಂತ ಬಡಾವಣೆ ಬರುವುದಕ್ಕೆ ಮುಂಚೆ ಪಟ್ಟಿ ಮಾಡಬೇಕು. ಪಟ್ಟಿಯಲ್ಲಿ ಇದ್ದದ್ದನ್ನು ಎಂಜಿನಿಯರುಗಳು ಮುಟ್ಟುವ ಹಾಗಿಲ್ಲ, ರಸ್ತೆ ಅದನ್ನು ಸುತ್ತಿಕೊಂಡು ಹೋಗಬೇಕು. ಪಟ್ಟಿಯಲ್ಲಿ ಇಲ್ಲದ್ದೆಲ್ಲ ಸೈಟು. ಇದಕ್ಕೆಂದು ರಾಜಾಜಿನಗರದ ಒಂದು ಬಾಡಿಗೆ ಮನೆಯ ಮಹಡಿಯಲ್ಲಿ ಸಣ್ಣದೊಂದು ಸರ್ಕಾರಿ ಆಫೀಸು ತೆರೆದರು. ಅದರಲ್ಲಿ ನಾನು ಟೆಂಪರರಿ.

ಟೆಂಪರರಿ ಕೆಲಸಕ್ಕೆ ನನ್ನಂಥವನು ಯಾಕೆ ಸೇರಿದ ಅಂದರೆ ಕಾರಣ ಒಂದೇ, ನಮ್ಮೂರ ಗುಂಡುತೋಪು. ಕೆಂಗೇರಿಯಿಂದ ಒಳಗೆ ಎರಡು ಮೈಲಿ ನಮ್ಮೂರು. ಊರ ಮುಂದೆ ಹುಣಸೆ, ಹಲಸು, ಹಿಪ್ಪೆ, ಬೇವು ಸೇರಿದ ತೋಪು. ಯಾರೊಬ್ಬರದೂ ಅಲ್ಲ, ಊರಿನದು. ಸಂತೆಗೆ ಹೋಗುವ ಗಾಡಿ ಬಿಡುವುದು ಅಲ್ಲಿ, ಮದುವೆ ಊಟ ಹಾಕುವುದು ಅಲ್ಲಿ, ನಾನು ಮರಕೋತಿ ಆಡಿ ಕೈ ಮುರಿದುಕೊಂಡದ್ದೂ ಅಲ್ಲೇ. ಬಡಾವಣೆಯ ನಕ್ಷೆಯಲ್ಲಿ ಅದರ ಮೇಲೆ ನೆಟ್ಟಗೆ ಒಂದು ರಸ್ತೆ, ರಸ್ತೆಯ ಎರಡೂ ಕಡೆ ಸೈಟು. ಅದನ್ನು ಪಟ್ಟಿಗೆ ಸೇರಿಸಿಯೇ ತೀರುತ್ತೇನೆ ಅಂತ ಊರಿನ ಅರಳಿಕಟ್ಟೆ ಮೇಲೆ ನಿಂತು ಹೇಳಿ ಬಂದಿದ್ದೆ.

ನಮ್ಮ ಸಾಹೇಬರು ಬಿಜಾಪುರದ ಕಡೆಯವರು. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಕೊಡೆ, ಲಂಚದ ಹೆಸರೆತ್ತಿದರೆ ಸ್ನಾನ ಮಾಡಿ ಬರುವಂಥವರು. ಒಳ್ಳೆಯವರೇ. ಆದರೆ ಈ ಕಡೆಯ ಹಳ್ಳಿ ಕಂಡವರಲ್ಲ, ಮತ್ತು ಅವರಿಗೆ ಫಾರಂ ಅಂದರೆ ವಚನ ಇದ್ದ ಹಾಗೆ, ಒಂದಕ್ಷರ ಆಚೀಚೆ ಆಗಬಾರದು. ಮೊದಲ ದಿನವೇ ಕೇಳಿದೆ.

"ಸಾರ್, ನಮ್ಮೂರಲ್ಲಿ ಹಳೇ ಮರಗಳಿವೆ. ಮೊದಲು ಅವನ್ನ ಬರೀಬೇಕು."

"ಮರ ಕಟ್ಟಡ ಹೌದೇನು?"

"ಅಲ್ಲ ಸಾರ್."

"ತೋಟ ಅಂತ ಬರೀಬೇಕಂದ್ರ ಮಾಲಕ ಬೇಕು. ಯಾರು ಮಾಲಕ?"

"ಊರು ಸಾರ್."

ಸಾಹೇಬರು ಪೆನ್ನಿನ ಕ್ಯಾಪು ತೆಗೆದರು. "ಊರಿನ ತಂದಿ ಹೆಸರು ಹೇಳು. ಫಾರಂನಾಗ ಕೇಳ್ಯಾರ."

ಸಾಹೇಬರೇ ಪೆನ್ನಿನ ಕ್ಯಾಪು ಮತ್ತೆ ಹಾಕಿ, "ಮೊದಲ ಉಳದ ಹಳ್ಳಿ ಮುಗಸು ತಮ್ಮಾ," ಅಂದರು. ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ.

೧. ಗಿಳಿಗಳಿಗೆ ಬಣ್ಣ

ನಾಗರಬಾವಿ ಪಕ್ಕದ ಒಂದು ಹಳ್ಳಿಯಲ್ಲಿ ಚೆಂದದ ತೊಟ್ಟಿಮನೆ ಇತ್ತು. ಹಲಸಿನ ಮರದ ಕಂಬಗಳು, ಪ್ರತಿ ಕಂಬದ ತಲೆಯಲ್ಲೂ ಎದುರುಬದುರು ಕೂತ ಎರಡು ಗಿಳಿ. ಮುಟ್ಟಿದರೆ ಹಾರಿಹೋಗುತ್ತವೇನೋ ಅನ್ನುವಷ್ಟು ನಯ. ಜಗಲಿಯ ಮೇಲೆ ಕೂತಿದ್ದ ಯಜಮಾನರನ್ನು ಕೇಳಿದೆ.

"ಯಜಮಾನ್ರೇ, ಈ ಮನೆ ಕಟ್ಟಿ ಎಷ್ಟು ವರ್ಷ ಆಯ್ತು?"

ಅವರು ನನ್ನ ಮುಖ ನೋಡಿದರು, ಫಾರಂ ನೋಡಿದರು, ಪೆನ್ನು ನೋಡಿದರು. "ಹಳೇದಲ್ಲ ಕಣಪ್ಪ. ಮೊನ್ನೆ ಮೊನ್ನೆ ಕಟ್ಟಿದ್ದು."

"ಮೊನ್ನೆ ಅಂದ್ರೆ?"

"ನಮ್ಮ ತಾತ ಮದುವೆ ಆದಾಗ."

ಹಳೇ ಮನೆ ಅಂತ ಬರೆದುಕೊಂಡು ಹೋಗಿ, ಬೀಳುತ್ತದೆ ಅಂತ ನಾವೇ ಬಂದು ಕೆಡವುತ್ತೇವೆ ಅನ್ನುವುದು ಅವರ ಅನುಮಾನ. ಅರ್ಧ ಗಂಟೆ ಕೂತು ಬಿಡಿಸಿ ಹೇಳಿದೆ. ಬರೆದುಕೊಂಡರೆ ಕೆಡವುವುದಿಲ್ಲ, ಬರೆದುಕೊಳ್ಳದಿದ್ದರೆ ಕೆಡವುತ್ತಾರೆ. "ಗೊತ್ತಾಯ್ತು ಬುಡಪ್ಪ," ಅಂದರು. ಗೊತ್ತಾಯಿತು ಅಂತ ನಾನೂ ನಂಬಿದೆ. ಅದು ನನ್ನ ತಪ್ಪು.

ಮುಂದಿನ ವಾರ ಸಾಹೇಬರನ್ನು ಕರೆದುಕೊಂಡು ಹೋದೆ. ಕಂಬಗಳೆಲ್ಲ ಪಳಪಳ ಹಸಿರು. ಗಿಳಿಗಳಿಗೂ ಹಸಿರು, ಕೊಕ್ಕಿಗೆ ಮಾತ್ರ ಕೆಂಪು. ಬಾಗಿಲ ಮೇಲೆ ಬಿಳಿ ಬಣ್ಣದಲ್ಲಿ ಆ ವರ್ಷದ ಇಸವಿ. ಯಜಮಾನರು ಹೊಸ ಪಂಚೆ ಉಟ್ಟು ನಿಂತಿದ್ದರು. "ಈಗ ಹೇಳಿ ಸ್ವಾಮಿ, ಹಳೇದಾ?"

ಸಾಹೇಬರು ಒಂದು ಗಿಳಿಯ ಬೆನ್ನ ಮೇಲೆ ಬೆರಳಾಡಿಸಿದರು. ಬೆರಳು ಹಸಿರಾಯಿತು. "ಬಣ್ಣ ಇನ್ನಾ ಆರಿಲ್ಲಲ್ಲೋ ತಮ್ಮಾ. ಇದು ಹೊಸಾ ಮನಿ," ಅಂತ ಪಟ್ಟಿಯಲ್ಲಿ ಗೀಟು ಎಳೆಯಲು ಹೊರಟರು. ನಾನು ಅವರ ಕೈ ಹಿಡಿದುಕೊಂಡು, ಇನ್ನೊಂದು ಕಡೆ ಯಜಮಾನರಿಗೆ ಮೊದಲಿನಿಂದ ಎಲ್ಲ ಮತ್ತೆ ಹೇಳಿದೆ. ಈ ಸಲ ಕೂಗಿ ಹೇಳಿದೆ, ಇಡೀ ಬೀದಿಗೆ ಕೇಳಿತು. ಅಡುಗೆಮನೆಗೂ ಕೇಳಿತು. ಸೊಸೆ ಬಾಗಿಲಲ್ಲಿ ಬಂದು ನಿಂತಳು.

"ಹಳೇದು ಏನಿದ್ರೂ ಬರ್ಕೊತೀರಾ ಅಣ್ಣ? ಹಂಗಾದ್ರೆ ನಮ್ಮತ್ತೇನೂ ಬರ್ಕೊಂಡೋಗಿ."

ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಮುದುಕಿ ತಲೆ ಎತ್ತದೆ ಹೇಳಿತು. "ಬರ್ಕೊಳಪ್ಪ. ಬರ್ಕಂಡ್ರೆ ಯಾರೂ ಮುಟ್ಟಂಗಿಲ್ಲ ಅಂದಲ್ಲ, ಅದನ್ನ ಇವಳಿಗೆ ಇನ್ನೊಂದು ಸಲ ಜೋರಾಗಿ ಓದಿ ಹೇಳು."

೨. ಕಣ ಕಾಣೆಯಾದದ್ದು

ಸಾಹೇಬರಿಗೆ ಕಟ್ಟಡ ಸಾಕಾಗಿ ಹೊಲ ತೋಟದ ಕಡೆ ಮನಸ್ಸು ಹರಿಯಿತು. ಒಬ್ಬ ರೈತ ತನ್ನ ಜಮೀನಿನಲ್ಲಿ ಮುತ್ತಾತನ ಕಾಲದ ಕಣ ಇದೆ ಅಂದಿದ್ದ. ನಾನು ಬರೆದುಕೊಂಡಿದ್ದೆ. ರಾಗಿ ತುಳಿಸುವ ಕಣ ಗೊತ್ತಲ್ಲ? ಸುಗ್ಗಿ ಬಂದಾಗ ನೆಲ ಗಟ್ಟಿಮಾಡಿ, ಸಗಣಿ ಹಾಕಿ ಸಾರಿಸಿ, ನಡುವೆ ಮೇಟಿ ಕಂಬ ನೆಟ್ಟು, ಸುತ್ತ ಎತ್ತು ಹೊಡೆಯುತ್ತಾರೆ. ಸುಗ್ಗಿ ಮುಗಿದ ಮೇಲೆ ಮಳೆ ಬಂತೆಂದರೆ ಅದೇ ನೆಲವನ್ನು ಉತ್ತು ಬಿತ್ತುತ್ತಾರೆ. ಇದು ಹಾಲು ಕುಡಿಯುವ ಮಗುವಿಗೂ ಗೊತ್ತು.

ಸಾಹೇಬರಿಗೆ ಗೊತ್ತಿರಲಿಲ್ಲ, ಮತ್ತು ಅವರು ನೋಡಲು ಬಂದದ್ದು ಶ್ರಾವಣದಲ್ಲಿ.

"ಎಲ್ಲೈತಿ ಕಣ?"

"ಇದೇ ಸ್ವಾಮಿ," ಅಂದ ರೈತ, ಮೊಣಕಾಲೆತ್ತರದ ರಾಗಿ ಪೈರಿನ ಕಡೆ ಕೈ ತೋರಿಸಿ.

"ಇದು ಹೊಲ ಅಲ್ಲೇನು?"

"ಈಗ ಹೊಲ. ಸುಗ್ಗೀಲಿ ಕಣ."

"ಈಗ ಕಣ ಐತೋ ಇಲ್ಲೋ?"

"ಐತೆ ಸ್ವಾಮಿ. ಕಾಣಾಕಿಲ್ಲ ಅಷ್ಟೆ."

ಸಾಹೇಬರು ಪೈರಿನೊಳಗೆ ಕೊಡೆಯ ತುದಿ ಇಟ್ಟು ಸ್ವಲ್ಪ ಹೊತ್ತು ಹುಡುಕಿದರು. ನಾನು ಪಕ್ಕದಲ್ಲಿ ನಿಂತು ಎರಡೂ ಕಡೆಯವರಿಗೆ ಕನ್ನಡದಿಂದ ಕನ್ನಡಕ್ಕೆ ತರ್ಜುಮೆ ಮಾಡಿ ಮಾಡಿ ಗಂಟಲು ಒಣಗಿಸಿಕೊಂಡೆ. ಕೊನೆಗೆ ಅವರು ಫಾರಂ ಮೇಲೆ "ಕಾಣೆಯಾಗಿದೆ" ಅಂತ ಬರೆದರು. ಬರೆದ ಮೇಲೆ ಆಫೀಸಿನ ಪದ್ಧತಿಯಂತೆ ಪತ್ರ ಹೋಗಬೇಕು. ಹೋಯಿತು. "ತಮ್ಮ ಜಮೀನಿನಲ್ಲಿದ್ದ ಪುರಾತನ ಕಣವು ಕಾಣೆಯಾಗಿರುವ ಬಗ್ಗೆ ಹದಿನೈದು ದಿನದೊಳಗೆ ಸಮಜಾಯಿಷಿ ನೀಡತಕ್ಕದ್ದು."

ಪಾಪ, ಆ ಮನುಷ್ಯ ಪತ್ರ ಮಡಿಚಿ ಪೇಟದಲ್ಲಿ ಸಿಕ್ಕಿಸಿಕೊಂಡು, ಎರಡು ಬಸ್ಸು ಬದಲಾಯಿಸಿ ರಾಜಾಜಿನಗರಕ್ಕೆ ಬಂದ. ಮಹಡಿ ಹತ್ತಿ, ಚಪ್ಪಲಿ ಹೊರಗೆ ಬಿಟ್ಟು, ಸಾಹೇಬರ ಮೇಜಿನ ಮುಂದೆ ಕೈಕಟ್ಟಿ ನಿಂತ.

"ಕಳುವಾಗಿಲ್ಲ ಸ್ವಾಮಿ. ರಾಗಿ ಹೊದ್ಕಂಡು ಮಲಗೈತೆ. ಸುಗ್ಗಿಗೆ ತಾನೇ ಎದ್ದು ಕೂತ್ಕತದೆ, ಆಗ ಬಂದು ಮಾತಾಡ್ಸಿ."

೩. ಹಗೇವಿನ ದಾಸ್ತಾನು

ಕಣದ ಪ್ರಕರಣ ಆದ ಮೇಲೆ ಸಾಹೇಬರು ಮೂರು ನಿಯಮ ಮಾಡಿದರು. ಪಟ್ಟಿಗೆ ಸೇರುವ ವಸ್ತು ವರ್ಷವಿಡೀ ಒಂದೇ ಥರ ಇರಬೇಕು. ಮನುಷ್ಯ ಕಟ್ಟಿದ್ದೋ ತೋಡಿದ್ದೋ ಆಗಿರಬೇಕು. ಮಾಲೀಕನಿಗೆ ತಂದೆ ಇರಬೇಕು. ನಮ್ಮ ಗುಂಡುತೋಪಿಗೆ ಮೂರೂ ಇಲ್ಲ. ನನಗೆ ಊಟ ಸೇರಲಿಲ್ಲ. ಸಾಹೇಬರ ಮನಸ್ಸು ಗೆಲ್ಲಬೇಕು, ಗೆದ್ದು ಮೆತ್ತಗೆ ಕೇಳಬೇಕು ಅಂತ ಕಾಯುತ್ತಿದ್ದೆ. ಆಗ ಸಿಕ್ಕಿತು ಹಗೇವು.

ಅಂಗಳದಲ್ಲಿ ನೆಲದೊಳಗೆ ಗುಡಾಣದ ಆಕಾರದಲ್ಲಿ ತೋಡಿದ ಕಣಜ ಅದು. ಬಾಯಿ ಕಿರಿದು, ಹೊಟ್ಟೆ ಅಗಲ, ಮೇಲೆ ಕಲ್ಲಿನ ಮುಚ್ಚಳ. "ನಮ್ಮ ಕಡೆನೂ ಅದಾವು, ಜ್ವಾಳ ತುಂಬಸ್ತಾರ," ಅಂದರು ಸಾಹೇಬರು. "ಇರಬಹುದು ಸಾರ್, ಆದರೆ ರಾಗಿ ಹಗೇವಿನ ಗತ್ತೇ ಬೇರೆ," ಅಂದೆ. ಊರಿನ ಮರ್ಯಾದೆ ಬಿಟ್ಟುಕೊಡುವುದಕ್ಕಾಗುತ್ತದೆಯೇ? ಅವರು ಜೇಬಿನಿಂದ ಟೇಪು ತೆಗೆದರು. "ಟೇಪು ಯಾಕೆ ಸಾರ್, ನಾನೇ ಇಳಿದು ಅಳೀತೀನಿ. ಚಿಕ್ಕಂದಿನಿಂದ ಇಳಿದವನು ನಾನು."

ಚಿಕ್ಕಂದಿನಲ್ಲಿ ಇಳಿದದ್ದು ನಿಜ. ಚಿಕ್ಕಂದಿನಲ್ಲಿ ನಾನು ಬೆಲ್‌ಬಾಟಂ ಪ್ಯಾಂಟು ಹಾಕುತ್ತಿರಲಿಲ್ಲ, ಅಂಗೈ ಅಗಲದ ಹಿತ್ತಾಳೆ ಬಕಲಿನ ಬೆಲ್ಟೂ ಇರಲಿಲ್ಲ. ಹಿಂದಿನ ದಿನವೇ ಮುಚ್ಚಳ ತೆಗೆದು ಕೆಟ್ಟ ಗಾಳಿ ಹೋಗಲು ಬಿಟ್ಟಿದ್ದರು. ಲಾಟೀನು ಇಳಿಸಿ ನೋಡಿದರು, ದೀಪ ಉರಿಯಿತು. ನಾನು ಹಗ್ಗ ಹಿಡಿದು ಹೀರೋ ಥರ ಇಳಿದೆ. ಅಳತೆ ಕೂಗಿ ಹೇಳಿದೆ. ಹತ್ತಿ ಬರುವಾಗ ಬಕಲು ಬಾಯಿಯ ಕಲ್ಲಿಗೆ ಸಿಕ್ಕಿಕೊಂಡಿತು. ಸೊಂಟದ ತನಕ ಆಚೆ, ಉಳಿದದ್ದು ಈಚೆ. ನಾನು ಸಿಕ್ಕಿಕೊಂಡೆ ಅಂತ ಯಾರೂ ತಿಳಿಯಬಾರದು. ಹಗೇವು ಬಿಡಲಿಲ್ಲ, ಅಷ್ಟೆ.

ಊರೇ ಸೇರಿತು. ಮೂರು ಜನ ಕಂಕುಳಿಗೆ ಕೈ ಹಾಕಿ ಎಳೆದರು. ಒಬ್ಬ, "ತುಂಬಿದ ರಾಗಿ ಬತ್ತದೆ, ಇವನು ಬರಾಕಿಲ್ವಲ್ಲ," ಅಂದ. ಆ ಮನೆಯ ಅಜ್ಜಿ ಹತ್ತಿರ ಬಂದು ಬಗ್ಗಿ ನೋಡಿತು.

"ಬೆಲ್ಟು ಬಿಚ್ಚೋ ಮಗ, ಬತ್ತೀಯ."

"ಬಿಚ್ಚಿದ್ರೆ ನಾನು ಬರ್ತೀನಿ ಅಜ್ಜಿ, ಪ್ಯಾಂಟು ಬರಲ್ಲ."

"ಎರಡರಲ್ಲಿ ಯಾವುದು ಬೇಕು ನಿನಗೆ?"

ಯೋಚಿಸುವುದಕ್ಕೆ ಅವರು ಸಮಯ ಕೊಡಲಿಲ್ಲ. ಅಜ್ಜಿ ಕೊಟ್ಟ ಟವೆಲ್ಲು ಸುತ್ತಿಕೊಂಡು ನಾನು ಮೇಲೆ ನಿಂತಾಗ, ಸಾಹೇಬರು ಫಾರಂ ತುಂಬುತ್ತಿದ್ದರು. ಆಳ ಬರೆದರು, ಅಗಲ ಬರೆದರು. "ಸದ್ಯ ಒಳಗಿರುವ ದಾಸ್ತಾನು" ಅನ್ನುವ ಕಾಲಂಗೆ ಬಂದು ಒಂದು ಗಳಿಗೆ ನಿಂತು, ಅಚ್ಚುಕಟ್ಟಾಗಿ ಬರೆದರು: "ಪ್ಯಾಂಟು, ಒಂದು."

೪. ಹನ್ನೆರಡು ಕಂಬ

ಕಾಮಾಕ್ಷಿಪಾಳ್ಯದಲ್ಲಿ ಒಂದು ಹಳೇ ಕಲ್ಲಿನ ಛತ್ರ ಇತ್ತು. ದಾರಿಹೋಕರು ತಂಗುತ್ತಿದ್ದ ಜಾಗದಲ್ಲಿ ಈಗ ಒಬ್ಬ ಲೇತ್ ಮಷೀನು ಇಟ್ಟುಕೊಂಡಿದ್ದ. ನಾನು ಹೋಗಿ ಎಣಿಸಿ "ಕಂಬ ಹನ್ನೆರಡು" ಅಂತ ಬರೆದೆ. ಹತ್ತು ದಿನ ಬಿಟ್ಟು ಸಾಹೇಬರ ಜೊತೆ ಹೋದೆ. ಅವರು ಎಣಿಸಿದರು, ಹನ್ನೊಂದು. ನಾನು ಎಣಿಸಿದೆ, ಹನ್ನೊಂದು. ಇಬ್ಬರೂ ಒಂದೊಂದು ಕಡೆಯಿಂದ ಎಣಿಸಿಕೊಂಡು ಬಂದು ನಡುವೆ ಡಿಕ್ಕಿ ಹೊಡೆದೆವು. ಆಗಲೂ ಹನ್ನೊಂದೇ. ಲೆಕ್ಕ ಬರದವನು ಅನ್ನುವ ಹಾಗೆ ಸಾಹೇಬರು ನನ್ನನ್ನು ನೋಡಿದರು. ಹೋಬಳಿಗೇ ಮೊದಲಿಗನನ್ನು.

ಲೇತ್‌ನವನನ್ನು ಪಕ್ಕಕ್ಕೆ ಎಳೆದುಕೊಂಡು ಹೋದೆ. "ಗುರು, ಹನ್ನೆರಡಿತ್ತಲ್ಲ?"

"ಇತ್ತು. ರಾಡು ತಿರುಗಿಸೋಕೆ ಅಡ್ಡ ಬರ್ತಿತ್ತು ಮಗಾ, ತೆಗೆಸ್ದೆ."

"ಪಟ್ಟಿಗೆ ಹಾಕಿದೀವಿ ಕಣೋ, ಮುಟ್ಟಂಗಿಲ್ಲ."

ಅವನು ಕೈಗೆ ಹತ್ತಿದ ಗ್ರೀಸು ಒರೆಸಿಕೊಳ್ಳುತ್ತಾ ಮೂಲೆ ಕಡೆ ನೋಡಿದ. "ಪಟ್ಟಿ ಯಾವಾಗ ಪಕ್ಕಾ ಆಗುತ್ತೆ ಹೇಳ್ಬಿಡು ಗುರು. ಆ ಮೂಲೇದೂ ಅಡ್ಡ ಬರ್ತಾ ಇದೆ."

೫. ಗುಂಡು, ತೋಪು

ಅಷ್ಟರಲ್ಲಿ ನಮ್ಮೂರಿಗೆ ಸರ್ವೆಯವರು ಬಂದು ತೋಪಿನ ಹುಣಸೆ ಮರಗಳಿಗೆ ಸುಣ್ಣದ ಗುರುತು ಹಾಕಿ ಹೋಗಿದ್ದರು. ದೊಡ್ಡಪ್ಪ ನನ್ನನ್ನು ಕಂಡಾಗಲೆಲ್ಲ, "ಏನ್ಲಾ, ಕಟ್ಟೆ ಮೇಲೆ ನಿಂತು ಏನೋ ಹೇಳ್ದಲ್ಲ, ಅದು ಯಾವಾಗ?" ಅನ್ನುತ್ತಿದ್ದ. ಅದೂ ನಾಲ್ಕು ಜನರ ಮುಂದೆ. ಪಟ್ಟಿ ಮೇಲಿನವರಿಗೆ ಹೋಗಲು ಒಂದು ವಾರ ಉಳಿದಿತ್ತು. ಕೇಳಿದರೆ ಆಗುವುದಿಲ್ಲ ಅಂತ ಗೊತ್ತಿದ್ದುದರಿಂದ ಕೇಳದೇ ತೂರಿಸುವುದು ಅಂತ ತೀರ್ಮಾನಿಸಿದೆ.

ನಮ್ಮ ಆಫೀಸಿನ ಟೈಪಿಸ್ಟ್ ಮೇಡಂ ಕೆಲಸದಲ್ಲಿ ಬಲು ಚುರುಕು. ನಾನು ಓದಬೇಕು, ಅವರು ಟೈಪು ಹೊಡೆಯಬೇಕು. ಓದುವವನು ಎಲ್ಲಿ ನಿಲ್ಲಿಸಿದರೆ ಅಲ್ಲಿ ಕಾಮಾ, ಇದು ಅವರ ವ್ಯಾಕರಣ. ಅವತ್ತು ನನಗೆ ಕೆಟ್ಟ ನೆಗಡಿ. ಎಲ್ಲ ಹಳ್ಳಿ ಮುಗಿಸಿ, ಕೊನೆಯಲ್ಲಿ ನಮ್ಮೂರಿನ ಹೆಸರು ಹೇಳಿ, ಯಾರಿಗೂ ಅನುಮಾನ ಬಾರದ ಹಾಗೆ ಕಟ್ಟಡಗಳ ಜೊತೆಗೆ ಸೇರಿಸಿ ಓದಿದೆ. "ಚಾವಡಿ, ಅರಳಿಕಟ್ಟೆ, ಗುಂಡು..." ಅನ್ನುವಾಗ ಸೀನು ಬಂತು. ಸೀನಿ, ಮೂಗು ಒರೆಸಿಕೊಂಡು, "ತೋಪು" ಅಂದೆ.

ಮಾರನೇ ದಿನ ಸಾಹೇಬರು ನನ್ನನ್ನು ಒಳಗೆ ಕರೆದರು. ಸಿಕ್ಕಿಬಿದ್ದೆ ಅಂದುಕೊಂಡು ಹೋದೆ. ಅವರು ಎದ್ದು ನಿಂತು ನನ್ನ ಹೆಗಲ ಮೇಲೆ ಕೈ ಇಟ್ಟರು.

"ನಿಮ್ಮೂರಾಗ ತೋಪು ಐತಿ ಅಂತ ಯಾಕ ಹೇಳಲಿಲ್ಲ ತಮ್ಮಾ?"

"ಮೊದಲ ದಿನದಿಂದ ಹೇಳ್ತಾನೇ ಇದೀನಲ್ಲ ಸಾರ್."

"ಮರ ಮರ ಅಂತಿದ್ದಿ. ತೋಪು ಅಂತ ಎಂದ ಹೇಳಿದಿ? ಎಷ್ಟು ಹಳೇದು?"

"ಪಾಳೇಗಾರರ ಕಾಲದ್ದು ಅಂತಾರೆ ಸಾರ್."

"ಹೌದಿರಬೇಕು. ಬಾಯಿ ಯಾವ ಕಡಿಗೈತಿ?"

ತೋಪಿನೊಳಗೆ ಗಾಡಿ ಹೋಗುವ ದಾರಿ ಕೇಳುತ್ತಿದ್ದಾರೆ ಅಂದುಕೊಂಡೆ. "ಪೂರ್ವಕ್ಕೆ ಸಾರ್. ಬೆಂಗಳೂರ ಕಡೆಗೆ."

"ಬರೋಬರಿ," ಅಂದರು, ಕಣ್ಣು ಮುಚ್ಚಿಕೊಂಡು. "ವೈರಿ ಆ ಕಡಿಂದನ ಬರ್ತಾನ."

ಎಂಜಿನಿಯರುಗಳ ಬಗ್ಗೆ ಹೇಳುತ್ತಿದ್ದಾರೆ ಅಂತ ನನಗೆ ಅವರ ಮೇಲೆ ಪ್ರೀತಿ ಉಕ್ಕಿ ಬಂತು. ಒಂದೂವರೆ ವರ್ಷದ ಸಿಟ್ಟೆಲ್ಲ ಆ ಗಳಿಗೆಯಲ್ಲಿ ಇಳಿದುಹೋಯಿತು.

"ದೇಖರೇಖಿ ಯಾರು ಮಾಡ್ತಾರ?"

"ನಾವೇ ಸಾರ್, ಊರೋರು. ಬೇಸಿಗೇಲಿ ಬಿಂದಿಗೆಯಲ್ಲಿ ಹೊತ್ತು ನೀರು ಹಾಕ್ತೀವಿ."

ಸಾಹೇಬರು ಎದೆಗೆ ಕೈ ಇಟ್ಟುಕೊಂಡರು. "ನೀರು ಹಾಕ್ತೀರಿ? ಹುಚ್ಚಪ್ಪಾ, ನೀರು ಬಿದ್ರ ಕೆಟ್ಟು ಹೋಗತೈತಿ ಅದು. ಎಣ್ಣಿ ಹಚ್ಚಬೇಕು. ನಾ ನೋಡಾಕ ಬರೂದರಾಗ ಚೊಲೋತ್ನಾಗಿ ಎಣ್ಣಿ ಹಚ್ಚಿ ಇಡಾಕ ಹೇಳು."

ಬಿಜಾಪುರದ ಕಡೆ ಗೆದ್ದಲು ಹಿಡಿಯದ ಹಾಗೆ ಮರಕ್ಕೆ ಎಣ್ಣೆ ಹಚ್ಚುತ್ತಾರೋ ಏನೋ. ದೊಡ್ಡವರ ಮಾತು, ಮೇಲಾಗಿ ಕೆಲಸ ಆಗುವ ಹೊತ್ತು, ನಾನ್ಯಾಕೆ ವಾದ ಮಾಡಲಿ? ಅವತ್ತೇ ಸಾಹೇಬರು ತಮ್ಮ ಮೂರೂ ನಿಯಮ ಮರೆತು ಎಂಜಿನಿಯರುಗಳಿಗೆ ಪತ್ರ ಬರೆಸಿದರು. ಈ ಊರಿನಲ್ಲಿ ಬಹು ಪುರಾತನವಾದ ಗುಂಡು ಮತ್ತು ತೋಪು ಇರುವುದನ್ನು ಖಚಿತಪಡಿಸಿಕೊಂಡಿದ್ದೇನೆ, ಅದನ್ನು ಯಾರೂ ಮುಟ್ಟಕೂಡದು, ರಸ್ತೆ ಬೇರೆ ಕಡೆ ತಿರುಗಿಸತಕ್ಕದ್ದು ಅಂತ. ಕೆಳಗೆ ಸಹಿ, ಮೊಹರು. ನಾಲ್ಕೇ ದಿನಕ್ಕೆ ಉತ್ತರ ಬಂತು: ಆಗಲಿ, ರಸ್ತೆ ತಿರುಗಿಸುತ್ತೇವೆ, ತೋಪಿನ ಅಳತೆ ಕಳುಹಿಸಿ.

ನಾನು ಊರಿಗೆ ಹೋಗಿ ಅದೇ ಕಟ್ಟೆ ಮೇಲೆ ನಿಂತು ಸುದ್ದಿ ಹೇಳಿದೆ. ಎಣ್ಣೆಯ ವಿಷಯವನ್ನೂ ಹೇಳಿದೆ.

"ಮರಕ್ಕೆ ಎಣ್ಣೆನಾ?" ಅಂದ ದೊಡ್ಡಪ್ಪ. "ಹುಟ್ಟಿದಾಗಿಂದ ಈ ಮರ ನೋಡ್ತಾ ಇದೀನಿ ಕಣ್ಲಾ, ಒಂದಿನಾನೂ ಎಣ್ಣೆ ಕೇಳಿದ್ದಿಲ್ಲ."

"ಸಾಹೇಬ್ರು ಹೇಳಿದಾರೆ ದೊಡ್ಡಪ್ಪ. ಉಳೀಬೇಕು ಅಂದ್ರೆ ಹಚ್ಚಬೇಕು."

ಮನೆಮನೆಯಿಂದ ಹೊಂಗೆ ಎಣ್ಣೆ ಬಂತು. ಹೆಂಗಸರು ಮಕ್ಕಳು ಸೇರಿ ಒಂದು ಮರವನ್ನೂ ಬಿಡದೆ ಕೈಗೆ ಎಟುಕುವಷ್ಟು ಎತ್ತರಕ್ಕೆ ತಿಕ್ಕಿದರು. ದೀಪಾವಳಿ ಅಭ್ಯಂಜನಕ್ಕೆ ಕೂತ ಗಂಡಸರ ಹಾಗೆ ಮರಗಳು ಮಿರಮಿರ ಮಿಂಚುತ್ತಿದ್ದವು.

ಬೆಳಿಗ್ಗೆ ಹತ್ತು ಗಂಟೆಗೆ ಸಾಹೇಬರು ಜೀಪಿನಲ್ಲಿ ಬಂದರು. ಕೊರಳಿಗೆ ಕ್ಯಾಮರಾ ಬೇರೆ ಹಾಕಿಕೊಂಡಿದ್ದರು. ಊರವರು ಕಾಯುತ್ತಾ ನಿಂತಿದ್ದರು. ಸಾಹೇಬರು ತೋಪಿನ ನಡುವಿನ ತನಕ ನಡೆದು ಬಂದು ನಾಲ್ಕೂ ಕಡೆ ತಿರುಗಿ ನೋಡಿದರು.

"ಎಲ್ಲೈತ್ರಿ ತೋಪು?"

"ಇದೇ ಸ್ವಾಮಿ," ಅಂದ ದೊಡ್ಡಪ್ಪ. "ನೀವು ಅದರೊಳಗೇ ನಿಂತಿದೀರಿ."

ಸಾಹೇಬರು ಗಾಬರಿಯಾಗಿ ಒಂದು ಹೆಜ್ಜೆ ಪಕ್ಕಕ್ಕೆ ಇಟ್ಟು ಕಾಲಡಿ ನೋಡಿದರು. "ನೆಲದಾಗ ಹೂತೈತೇನು?"

"ಹೂಂ ಸ್ವಾಮಿ, ತುಂಬ ಆಳಕ್ಕೆ ಹೋಗೈತೆ," ಅಂದ ದೊಡ್ಡಪ್ಪ, ಬೇರಿನ ಲೆಕ್ಕದಲ್ಲಿ.

"ಹೋಗಲಿ, ಗುಂಡರೆ ತೋರಸ್ರಿ."

ನಮ್ಮೂರ ಹುಡುಗರು ತಾಕತ್ತು ತೋರಿಸಲು ಎತ್ತುವ ಒಂದು ದುಂಡನೆಯ ಕಲ್ಲು ತೋಪಿನಲ್ಲಿ ಬಿದ್ದಿರುತ್ತದೆ. ಗುಂಡು ಅಂದರೆ ನಮ್ಮೂರಲ್ಲಿ ಅದೇ. ಎದೆಯ ತನಕ ಎತ್ತಿದವರು ಇಬ್ಬರೇ, ಒಬ್ಬ ನಾನು. ಇಬ್ಬರು ಹುಡುಗರು ಅದನ್ನು ಉರುಳಿಸಿಕೊಂಡು ಬಂದು ಸಾಹೇಬರ ಮುಂದೆ ಬಿಟ್ಟರು. ಅವರು ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಬಗ್ಗಿ ಮುಟ್ಟಿದರು. ಫೋಟೋ ತೆಗೆದರು.

"ನಮ್ಮ ಬಿಜಾಪುರದ ಕ್ವಾಟಿ ಮ್ಯಾಲಿನ ತೋಪಿಗೂ ಇಂಥಾ ಗುಂಡು ನಾ ನೋಡಿಲ್ಲ. ಗುಂಡ ಇಷ್ಟು ದೊಡ್ಡದಿದ್ರ, ತೋಪು ಎಷ್ಟು ದೊಡ್ಡದಿರಬ್ಯಾಡ?"

ದೊಡ್ಡಪ್ಪ ಕೈ ಮುಗಿದು ಹೇಳಿದ. "ಎರಡು ಎಕರೆ ಏಳು ಗುಂಟೆ ಸ್ವಾಮಿ. ಪಹಣೀಲೇ ಐತೆ."

ಕೋಟೆ ಮೇಲಿನ ತೋಪು ಅಂದ ತಕ್ಷಣ ನನಗೆ ಎಲ್ಲ ಹೊಳೆದಿತ್ತು. ಬಾಯಿ, ವೈರಿ, ಎಣ್ಣೆ ಎಲ್ಲ. ಅವರ ಕಡೆ ತೋಪು ಅಂದರೆ ಫಿರಂಗಿ. ಈ ಮನುಷ್ಯ ಇಷ್ಟು ದಿನ ಅದರ ಕನಸು ಕಾಣುತ್ತಿದ್ದರು. ಸಾಹೇಬರಿಗೆ ಹೊಳೆಯಲು ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು. ಮರಗಳನ್ನು ನೋಡಿದರು. ಮರಗಳ ಮೇಲಿನ ಎಣ್ಣೆ ನೋಡಿದರು. ಹಾಗೇ ಹಿಂದಿನ ಹುಣಸೆ ಮರಕ್ಕೆ ಒರಗಿಕೊಂಡರು. ಬಿಳಿ ಶರಟಿನ ಬೆನ್ನು ಪೂರ್ತಿ ಹೊಂಗೆ ಎಣ್ಣೆ. ಆಮೇಲೆ ಜೇಬಿನಿಂದ ಟೈಪಾದ ಹಾಳೆ ತೆಗೆದು ನನ್ನ ಮುಖದ ಮುಂದೆ ಹಿಡಿದರು.

"ತಮ್ಮಾ. ಇದು ಏನು?"

"ಗುಂಡುತೋಪು ಸಾರ್."

"ಒಂದ ಶಬ್ದ ಹೌದಿಲ್ಲೋ?"

"ಹೌದು ಸಾರ್."

"ನಡಕ ಕಾಮಾ ಯಾಕೈತಿ?"

"ನೆಗಡಿ ಸಾರ್."

ಅವರು ಗುಂಡಿನ ಮೇಲೆ ಕೂತುಬಿಟ್ಟರು. ಆ ಕಾಮಾ ಒಂದನ್ನು ಹೊಡೆದು ಹಾಕಿದರೆ ಸಾಕು, ತೋಪು ಹೋಯಿತು. ಸಾಹೇಬರ ಕೈಯಲ್ಲಿ ಪೆನ್ನೂ ಇತ್ತು. ಹೊಡೆದರೆ ಮಾತ್ರ, ಇಲ್ಲದ ಫಿರಂಗಿಯನ್ನು ಖಚಿತಪಡಿಸಿಕೊಂಡಿದ್ದೇನೆ ಅಂತ ಸಹಿ ಹಾಕಿದವನು ನಾನೇ ಅಂತ ಸಾಹೇಬರೇ ಮೇಲಿನವರಿಗೆ ಬರೆಯಬೇಕು. ನನ್ನ ಜೀವನದಲ್ಲಿ ಬಾಯಿ ಮುಚ್ಚಿಕೊಂಡು ನಿಂತದ್ದು ಅದೊಂದೇ ಸಲ.

ದೊಡ್ಡಪ್ಪನಿಗೆ ಇದಾವುದೂ ಗೊತ್ತಿಲ್ಲ. ಸಾಹೇಬರಿಗೆ ಬಿಸಿಲು ತಾಕಿತು ಅಂದುಕೊಂಡು, ಮುತ್ತುಗದ ಎಲೆಯಲ್ಲಿ ಹಲಸಿನ ತೊಳೆ ತಂದು ಕೈಗೆ ಕೊಟ್ಟ. "ತಗಳಿ ಸ್ವಾಮಿ, ತೋಪಿಂದೇ." ಸಾಹೇಬರು ಒಂದು ತೊಳೆ ತಿಂದರು. ಇನ್ನೊಂದು ತಿಂದರು. ಆರನೆಯದು ಮುಗಿದ ಮೇಲೆ ಕೈ ಒರೆಸಿಕೊಂಡು, "ಕಾಮಾ ಹಂಗ ಇರಲಿ," ಅಂದರು. ಫಾರಂ ತೊಡೆಯ ಮೇಲೆ ಇಟ್ಟುಕೊಂಡು ಮುಖದಲ್ಲಿ ಒಂದು ಗೆರೆಯೂ ಅಲುಗದೆ ತುಂಬಿ, ಸಹಿ ಹಾಕಿ, ಜೀಪು ಹತ್ತಿದರು.

ಬಡಾವಣೆಯ ರಸ್ತೆ ಎಲ್ಲ ಕಡೆ ನೆಟ್ಟಗೆ ಬಂದು ನಮ್ಮೂರ ಹತ್ತಿರ ಮಾತ್ರ ಸೊಟ್ಟಗೆ ತಿರುಗಿ ಹೋಗುತ್ತದೆ. ಹೊಸದಾಗಿ ಬಂದ ಎಂಜಿನಿಯರುಗಳು ಯಾಕೆ ಅಂತ ಕೇಳುತ್ತಾರಂತೆ. ಆಗ ಅವರಿಗೆ ಆ ಫಾರಂ ತೆಗೆದು ತೋರಿಸುತ್ತಾರಂತೆ. ಓದಿದ ಮೇಲೆ ಯಾರೂ ಇನ್ನೊಂದು ಪ್ರಶ್ನೆ ಕೇಳಿದ್ದಿಲ್ಲ. ಅದರಲ್ಲಿ ಇರುವುದು ಇಷ್ಟು:

"ಗುಂಡು: ಒಂದು. ತೋಪು: ಒಂದು. ತೋಪಿನ ಅಳತೆ: ಎರಡು ಎಕರೆ ಏಳು ಗುಂಟೆ. ಬಾಯಿ: ಪೂರ್ವಕ್ಕೆ. ಸ್ಥಿತಿ: ಉತ್ತಮ, ಎಣ್ಣೆ ಹಚ್ಚಲಾಗಿದೆ. ಷರಾ: ಬೇಸಿಗೆಯಲ್ಲಿ ಹಣ್ಣು ಬಿಡುತ್ತದೆ."